ಶರ್ಟು ಬಿಚ್ಚದ ಅಳಿಯ

ಮದುವೆಯಾಗಿ ಎರಡು ವರ್ಷವಾದರೂ ಶಂಕರಪುರದ ಮಾವನ ಮನೆಯಲ್ಲಿ ಮಂಜುನಾಥ ಜಗಲಿ ದಾಟಿದವನಲ್ಲ. ಹೋದರೆ ಒಂದು ಬೆತ್ತದ ಕುರ್ಚಿ, ಒಂದು ಲೋಟ ಕಾಫಿ, ಮಾವ ಬದರೀನಾರಾಯಣರ ಒಂದು 'ಹೂಂ', ಮುಗೀತು. ಓಕಳಿಪುರಂನ ಗೌಡರ ಹುಡುಗ, ಅದರಲ್ಲೂ ಪಾರಿವಾಳ ಸಾಕೋ ದೊಡ್ಡಬೈರಪ್ಪನ ಮಗ, ತಮ್ಮ ಮಧುರಾಳನ್ನು ರಿಜಿಸ್ಟರ್ ಮದುವೆ ಮಾಡ್ಕೊಂಡಿದ್ದು ಅವರಿಗೆ ಇನ್ನೂ ಗಂಟಲಲ್ಲೇ ಸಿಕ್ಕೊಂಡಿತ್ತು. ಅಂಥ ಮನುಷ್ಯ ಈ ಹುಣ್ಣಿಮೆಗೆ ತಾವಾಗೇ ಫೋನ್ ಮಾಡಿ, "ಸತ್ಯನಾರಾಯಣ ಪೂಜೆ ಇಟ್ಕೊಂಡಿದೀವಿ, ನೀವಿಬ್ರೂ ಕೂತ್ಕೋಬೇಕು" ಅಂದಿದ್ದರು. ಮಧುರಾ ಖುಷಿಗೆ ಅತ್ತುಬಿಟ್ಟು ಹಿಂದಿನ ದಿನವೇ ತವರಿಗೆ ಹೊರಟುಹೋಗಿದ್ದಳು.

ಅದೇ ಹುಣ್ಣಿಮೆ ಬೆಳಗ್ಗೆ ಆ ದರಿದ್ರ ಬೆಕ್ಕಿಗೂ ಮುಹೂರ್ತ ಕೂಡಿ ಬಂತು. ದೊಡ್ಡಬೈರಪ್ಪ ಮೆಟ್ಟಿಲಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ತಾರಸಿಯ ಗೂಡು ಮಗನ ಪಾಲಿಗೆ ಬಂದಿತ್ತು. ರಾತ್ರಿ ಚಿಲಕ ಹಾಕೋದು ಮರೆತವನೂ ಅವನೇ. ಬೂದಿ ಬಣ್ಣದ ಹೆಣ್ಣು ಹಕ್ಕಿಯ ರೆಕ್ಕೆಗರಿ ಮಾತ್ರ ಉಳಿದಿತ್ತು, ಗಂಡು ಬೆದರಿ ಎಲ್ಲೋ ಹಾರಿಹೋಗಿತ್ತು, ಗೂಡಲ್ಲಿ ಎರಡು ಮೊಟ್ಟೆ. ಅಪ್ಪ ನಲವತ್ತು ವರ್ಷ ಬೇರೆ ತಳಿ ಬೆರೆಸದೆ ಕಾಪಾಡಿಕೊಂಡು ಬಂದ ಹಕ್ಕಿಗಳ ಕೊನೆಯ ಎರಡು ಮೊಟ್ಟೆ ಅವು. ಕಾವು ಕೂತು ಹದಿನೇಳನೇ ದಿನ, ಇವತ್ತೋ ನಾಳೆಯೋ ಒಡೀಬೇಕು. ಕೆಳಗೆ ಮಂಚದ ಮೇಲೆ ಮಲಗಿರೋ ಅಪ್ಪನಿಗೆ ಹೇಳೋ ಧೈರ್ಯ ಅವನಿಗಾಗಲಿಲ್ಲ.

ಹೊಸದಾಗಿ ಇಟ್ಟ ಮೊಟ್ಟೆಯಾಗಿದ್ದರೆ ಚಿಂತೆಯೇ ಇರಲಿಲ್ಲ. ತೌಡು ತುಂಬಿದ ಡಬ್ಬದಲ್ಲಿ ಮಲಗಿಸಿ, ತಣ್ಣನೆಯ ಮೂಲೆಯಲ್ಲಿಟ್ಟು, ಬೆಳಗ್ಗೆ ಸಂಜೆ ಮಗ್ಗುಲು ತಿರುಗಿಸಿದರೆ ಐದಾರು ದಿನ ತಡೆಯುತ್ತದೆ. ದೊಡ್ಡಬೈರಪ್ಪ ಹಾಗೆ ಕೋಲಾರದವರೆಗೂ ಕಳಿಸಿದ್ದುಂಟು. ಹಕ್ಕಿ ಒಮ್ಮೆ ಕಾವು ಕೂತಿತೋ, ಕತೆಯೇ ಬೇರೆ. ಒಳಗೆ ನರ ಹಿಡಿದಿರುತ್ತೆ. ತಣ್ಣಗಾಗೋ ಹಾಗಿಲ್ಲ, ಕುಲುಕೋ ಹಾಗಿಲ್ಲ, ಮನುಷ್ಯನ ಮೈಬಿಸಿಯಲ್ಲೇ ಸಾಗಿಸಬೇಕು.

ಚಾಮರಾಜಪೇಟೆಯ ಶೀನಣ್ಣ ಅಪ್ಪನ ಹಳೇ ಸ್ನೇಹಿತ, ಅವನೂ ಪಾರಿವಾಳದವನೇ. ಇವು ಮೊಟ್ಟೆ ಇಟ್ಟ ದಿನವೇ ಅವನ ಒಂದು ಜೋಡಿಯೂ ಇಟ್ಟಿತ್ತು, ಅವು ಗೊಡ್ಡಾಗಿದ್ದವು. ಪಾಪ, ಹಕ್ಕಿಗಳಿಗೆ ಗೊತ್ತಿಲ್ಲದೆ ಇನ್ನೂ ಕೂತೇ ಇದ್ದವು. ಪಾರಿವಾಳದ ಗಂಟಲ ಚೀಲದಲ್ಲಿ ಊರೋ ಹಾಲನ್ನು ಮರಿಗೆ ಕುಡಿಸಬೇಕಾದರೆ ಇಷ್ಟೇ ದಿನ ಕೂತಿರೋ ಜೋಡಿಯೇ ಆಗಬೇಕು. ಮಂಜುನಾಥ ಮೊಟ್ಟೆಗಳನ್ನು ಹತ್ತಿಯಲ್ಲಿ ಸುತ್ತಿ, ಹಳೇ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ಬನಿಯನ್ ಒಳಗೆ ಹೊಟ್ಟೆಗೆ ಬಿಗಿದುಕೊಂಡ. ಸ್ಕೂಟರ್ ಮುಟ್ಟಲಿಲ್ಲ, ನಮ್ಮೂರಿನ ಗುಂಡಿಗಳಿಗೆ ಮೊಟ್ಟೆ ಹಾಗಿರಲಿ, ಮನುಷ್ಯನ ಕರುಳೇ ಕಳಚಿ ಬೀಳುತ್ತೆ. ತುಂಬಿದ ಬಸುರಿಯ ಹಾಗೆ ಹೆಜ್ಜೆ ನೋಡಿಕೊಂಡು ನಡೆದೇ ಹೋದ.

ಹೋಗಿ ನೋಡಿದರೆ ಶೀನಣ್ಣನ ಬಾಗಿಲಿಗೆ ಬೀಗ. "ಕಾಳು ತಗೊಳ್ಳೋಕೆ ಕಲಾಸಿಪಾಳ್ಯಕ್ಕೆ ಬಂದಿದೀನಿ ಕಣೋ, ಹನ್ನೊಂದಕ್ಕೆ ಬಂದ್ಬಿಡ್ತೀನಿ" ಅಂತ ಫೋನಲ್ಲಿ ಹೇಳಿದ. ಗಂಟೆ ಹತ್ತು, ಪೂಜೆ ಹನ್ನೆರಡಕ್ಕೆ, ಮಾವನ ಮನೆ ಹತ್ತೇ ನಿಮಿಷದ ದಾರಿ. ಮುಖ ತೋರಿಸಿ, ಹೂವು ತರ್ತೀನಿ ಅಂತ ಜಾರಿಕೊಂಡರಾಯ್ತು ಅಂದುಕೊಂಡ. ಮೊಟ್ಟೆ ಅನ್ನೋ ಪದವನ್ನೂ ಬಾಯಲ್ಲಿ ಆಡದ ಮನೆಗೆ ಹೊಟ್ಟೆಗೆ ಎರಡನ್ನು ಕಟ್ಟಿಕೊಂಡು ಹೋದ, ನೋಡಿ, ಅಲ್ಲೇ ಕೆಟ್ಟ.

ಗೇಟಲ್ಲೇ ಕಾಯುತ್ತಿದ್ದ ಬದರೀನಾರಾಯಣರು ಕೈ ಹಿಡಿದು ಜಗಲಿ ದಾಟಿಸಿ ನಡುಮನೆಗೆ ಕರೆದುಕೊಂಡು ಹೋದರು. "ಪುರೋಹಿತರಿಗೆ ಇನ್ನೊಂದು ಮನೆ ಇದೆಯಂತೆ, ಈಗಲೇ ಶುರು ಮಾಡ್ತಾರೆ."

ಪುರೋಹಿತರು ಕಲಶಕ್ಕೆ ಮಾವಿನೆಲೆ ಸಿಕ್ಕಿಸುತ್ತಾ ತಲೆ ಎತ್ತದೆ ಹೇಳಿದರು: "ಶರ್ಟು, ಬನಿಯನ್ ಎರಡೂ ತೆಗೆದು, ಪಂಚೆ ಉಟ್ಟು ಬಂದ್ಬಿಡಿ."

ಮಂಜುನಾಥನ ಜೀವ ಬಾಯಿಗೆ ಬಂತು. ಅಡುಗೆಮನೆ ಬಾಗಿಲಲ್ಲಿ ಮಧುರಾ ಕಂಡಳು, ಹತ್ತಿರ ಹೋಗಿ ಪಿಸುಗುಟ್ಟಿದ. ಅವಳ ಮುಖದ ಬಣ್ಣವೇ ಹೋಯಿತು. "ಮಡೀಲಿದೀನಿ, ಮುಟ್ಬೇಡ. ಇವತ್ತೇ ಆಗ್ಬೇಕಿತ್ತಾ ಮಂಜು? ಅಪ್ಪಂಗೆ ಗೊತ್ತಾದ್ರೆ ಇನ್ನು ಈ ಮನೆ ಬಾಗಿಲು ನಮಗೆ ತೆಗೆಯಲ್ಲ." ಅಷ್ಟು ಹೇಳಿ ಒಳಗಿನ ಕರೆಗೆ ಓಡಿಹೋದಳು.

"ಯಾಕೆ ನಿಂತ್ಬಿಟ್ರಿ?" ಅಂದರು ಮಾವ.

"ಸರ್ಪಸುತ್ತು ಆಗಿದೆ ಮಾವ, ಹೊಟ್ಟೆ ಮೇಲೆ." ಎಲ್ಲಿಂದ ಬಂತೋ ಆ ಮಾತು. ಅಂಟುರೋಗ ಅಂದರೆ ಮನೆಗೆ ಕಳಿಸುತ್ತಾರೆ ಅನ್ನೋದು ಅವನ ಲೆಕ್ಕ.

ಇಡೀ ಶಂಕರಪುರದಲ್ಲಿ ಯಾರಿಗೆ ಸರ್ಪಸುತ್ತಾದರೂ ಕಾವಿಮಣ್ಣು ಕಲಸಿ ಸರ್ಪ ಬರೆಯೋದು ತನ್ನ ಅತ್ತೆ ಭಾಗೀರಥಮ್ಮನೇ ಅಂತ ಆ ಪುಣ್ಯಾತ್ಮನಿಗೆ ಹೇಗೆ ಗೊತ್ತಾಗಬೇಕು? ಜಗಲಿಯಲ್ಲೇ ಕೂತು ಎದ್ದುಹೋದ ಅಳಿಯ ಅವನು. "ಅಯ್ಯೋ, ಇಷ್ಟೇನಾ" ಅಂದುಬಿಟ್ಟರು ಬದರೀನಾರಾಯಣರು. "ಇಲ್ಲಿಗೇ ಬಂದಿದ್ದು ಒಳ್ಳೇದಾಯ್ತು. ಮಡಿ ಅಡುಗೆ ಇಳಿಸಿ ನಿಮ್ಮತ್ತೆ ಬರ್ತಾಳೆ." ಅವನನ್ನು ಬೀದಿ ಪಕ್ಕದ ಕೋಣೆಗೆ ಸೇರಿಸಿ, ಮನೆ ತುಂಬ ಮಕ್ಕಳು ಓಡಾಡುತ್ತಿದ್ದವಲ್ಲ, ಹೊರಗಿಂದ ಅಗುಳಿ ಹಾಕಿದರು.

ಕೋಣೆ ಅಂದರೆ ಏನು, ಒಂದು ಮಂಚ, ಒಂದು ಬೀರು, ಸರಳು ಹಾಕಿದ ಕಿಟಕಿ. ಮಾರ್ಗಶಿರದ ಚಳಿಗೆ ಗೋಡೆಯೇ ಬೆವರಿದ ಹಾಗಿತ್ತು. ಮಂಜುನಾಥ ಎರಡು ಕೈಯನ್ನೂ ಹೊಟ್ಟೆಗೆ ಅಪ್ಪಿಕೊಂಡು ಕೂತ. ಕೂಗಿದರೆ ಮರ್ಯಾದೆ ಹೋಗುತ್ತೆ, ಸುಮ್ಮನಿದ್ದರೆ ಮೊಟ್ಟೆ ಹೋಗುತ್ತೆ. ಗಂಟೆ ಹತ್ತೂವರೆ, ಹತ್ತೂಮುಕ್ಕಾಲು, ಹನ್ನೊಂದು. ಶೀನಣ್ಣನ ಫೋನ್ ಬಂತು. ಬಾಗಿಲಾಚೆ ಮಾವ ಕೂತಿದ್ದರು, ಎತ್ತಲಿಲ್ಲ. ಆಗಲೇ ಹೊಕ್ಕುಳ ಮೇಲೆ ಏನೋ ಸಣ್ಣಗೆ ಕುಟ್ಟಿದ ಹಾಗಾಯಿತು. ನಿಂತಿತು. ಮತ್ತೆ ಕುಟ್ಟಿತು. ಉಸಿರು ಬಿಟ್ಟರೆ ಎಲ್ಲಿ ಒಡೆಯುತ್ತೋ ಅಂತ ಉಸಿರನ್ನೂ ಹಿಡಿದುಕೊಂಡ. ಅವನಿಗೆ ಅಳು ಬಂತು.

ಅಗುಳಿ ತೆಗೆದು ಭಾಗೀರಥಮ್ಮ ಬಂದರು, ಕೈಯಲ್ಲಿ ಕಾವಿಯ ಬಟ್ಟಲು, ಹತ್ತಿ ಸುತ್ತಿದ ಕಡ್ಡಿ. ಬಾಗಿಲು ಮುಂದೆ ಮಾಡಿ, "ಬನಿಯನ್ ಎತ್ತಿ, ನಾಚ್ಕೋಬೇಡಿ. ನಾನು ಹೇಗೂ ಇನ್ನೊಂದು ಸ್ನಾನ ಮಾಡ್ತೀನಿ" ಅಂದರು.

"ಬೇಡ ಅತ್ತೆ."

"ಉರಿ ತಡ್ಕೊಂಡು ಕೂತ್ಕೋತೀರಾ?" ಅಂತ ತಾವೇ ಎತ್ತಿದರು. ಬೆರಳಿಗೆ ಗಂಟು ಸಿಕ್ಕಿತು.

"ಮೊಟ್ಟೆ ಅತ್ತೆ" ಅಂದ ಮಂಜುನಾಥ. "ಪಾರಿವಾಳದ್ದು. ತಾಯಿ ಸತ್ತುಹೋಯ್ತು, ನಾನೇ ಚಿಲಕ ಹಾಕಿರ್ಲಿಲ್ಲ. ಬೇರೆ ಹಕ್ಕಿ ಕೆಳಗೆ ಇಡ್ಬೇಕು, ಈಗ್ಲೇ. ಒಳಗೆ ಜೀವ ಇದೆ."

ಭಾಗೀರಥಮ್ಮ ಬೆಂಕಿ ಮುಟ್ಟಿದವರಂತೆ ಕೈ ತೆಗೆಯುತ್ತಾರೆ ಅಂದುಕೊಂಡಿದ್ದ. ತೆಗೆಯಲಿಲ್ಲ. ಅವರ ಅಂಗೈ ಕೆಳಗೆ ಅದು ಮತ್ತೆ ಕುಟ್ಟಿತು.

"ತಟ್ತಾ ಇದೆ" ಅಂದರು, ಬಹಳ ಮೆಲ್ಲಗೆ.

ಹೊರಗಿಂದ ಮಾವ ಕೂಗಿದರು, "ಹೇಗಿದೆ? ತಲೆ ಬಾಲ ಕೂಡಿಲ್ಲ ತಾನೆ?" ಸರ್ಪಸುತ್ತಿನ ಗುಳ್ಳೆ ಸೊಂಟ ಸುತ್ತಿ ಬಂದು ಕೂಡಿತೆಂದರೆ ಮನುಷ್ಯ ಉಳಿಯಲ್ಲ ಅನ್ನೋದು ಹಳಬರ ನಂಬಿಕೆ.

"ಕೂಡಿಲ್ಲ, ಇರಿ" ಅಂದು ಭಾಗೀರಥಮ್ಮ ಅಳಿಯನ ಕಡೆ ತಿರುಗಿದರು. "ಅವರು ಕಣ್ಣಾರೆ ನೋಡ್ದೆ ಬಿಡೋರಲ್ಲ. ಬರೀಲೇಬೇಕು." ಗಂಟನ್ನು ಬಿಚ್ಚಿ ಕಿಟಕಿಯ ಕಲ್ಲಿನ ಮೇಲೆ, ಪರದೆಯ ಹಿಂದೆ ಇಟ್ಟರು. ಅರವತ್ತೆರಡು ವರ್ಷದಲ್ಲಿ ಮೊಟ್ಟೆಯನ್ನು ಮುಟ್ಟಿದ್ದು ಅದೇ ಮೊದಲಿರಬೇಕು. ಆಮೇಲೆ ಹೆಡೆ, ಬಾಲ, ಹೊಟ್ಟೆ ತುಂಬ ಕಾವಿ. ಬರೆದು ಮುಗಿಸೋ ಹೊತ್ತಿಗೆ ಕಾಲು ಗಂಟೆಯಾಯಿತು. ಮಾವ ಒಳಗೆ ಬಂದು ಬಗ್ಗಿ ನೋಡಿದರು. "ಪೂಜೆ ಇನ್ನೊಂದು ಹುಣ್ಣಿಮೆಗೆ ಆಗುತ್ತೆ. ಮೊದಲು ನೀವು ಚೆನ್ನಾಗಾಗಿ" ಅಂದರು. ಕಣ್ಣಲ್ಲಿ ನೀರಿತ್ತು. ಎರಡು ವರ್ಷ 'ಹೂಂ' ಅಂದ ಮನುಷ್ಯ. ಮಂಜುನಾಥನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಭಾಗೀರಥಮ್ಮ ಅವನನ್ನು ಹಿತ್ತಲ ಬಾಗಿಲಿಂದ ಕಳಿಸಿದರು. ಗಂಟನ್ನು ತಿರುಗಿ ಕಟ್ಟಿಕೊಂಡಾಗ ಅದು ಒಂದು ಮಗ್ಗುಲಲ್ಲಿ ತಣ್ಣಗಿತ್ತು.

ಶೀನಣ್ಣ ಮೊದಲನೆಯದನ್ನು ಕಿವಿಗೆ ಹಿಡಿದು ನಕ್ಕ, ಸಿಪ್ಪೆಯಲ್ಲಿ ಕೂದಲೆಳೆ ಬಿರುಕು ಕಾಣುತ್ತಿತ್ತು. ಎರಡನೆಯದನ್ನು ಕಿವಿಗೆ ಹಿಡಿದ, ಟಾರ್ಚಿಗೆ ಹಿಡಿದ, ಮತ್ತೆ ಕಿವಿಗೆ ಹಿಡಿದ. "ಇದು ಹೋಗಿದೆ ಮಂಜು."

"ಯಾವಾಗ?"

"ಅದನ್ನ ಯಾರು ಹೇಳೋಕಾಗುತ್ತೆ? ಬೆಳಗ್ಗೆ ಬೆಕ್ಕು ಬಂದಾಗ್ಲೂ ಇರ್ಬೋದು. ಈಗ ಸ್ವಲ್ಪ ಮುಂಚೆನೂ ಇರ್ಬೋದು."

ಮಾರನೇ ದಿನ ಮರಿ ಹೊರಬಂತು. ಅಪ್ಪನಿಗೆ ಎಲ್ಲವನ್ನೂ ಹೇಳಿದ. ದೊಡ್ಡಬೈರಪ್ಪ ಮರಿಯ ಕೊಕ್ಕಿನ ಬಣ್ಣ ಕೇಳಿ ತಿಳಿದುಕೊಂಡ. ಆಮೇಲೆ, "ಒಂದು ಉಳೀತಲ್ಲ, ಬಿಡು" ಅಂದ.

ಸಂಜೆ ಮಧುರಾಳ ನಂಬರಿಂದ ಫೋನ್ ಬಂತು, ಮಾತಾಡಿದ್ದು ಭಾಗೀರಥಮ್ಮ. ಅವರು ಅವನಿಗೆ ಫೋನ್ ಮಾಡಿದ್ದು ಅದೇ ಮೊದಲು. ಧ್ವನಿ ತಗ್ಗಿಸಿ ಕೇಳಿದರು: "ಎರಡೂ ಬಂದ್ವಾ? ಆ ಕಲ್ಲಿನ ಮೇಲೆ ಇಟ್ಬಿಟ್ನಲ್ಲ, ರಾತ್ರಿಯೆಲ್ಲಾ ನಿದ್ದೆ ಇಲ್ಲ ನನಗೆ. ಆ ಪಾಪ ನನಗೆ ಸುತ್ಕೊಳ್ಳಲ್ಲ ತಾನೆ?"

"ಎರಡೂ ಚೆನ್ನಾಗಿವೆ ಅತ್ತೆ" ಅಂದ ಮಂಜುನಾಥ.

ಆ ಕಡೆ ಅವರು ಉಸಿರು ಬಿಟ್ಟಿದ್ದು ಇವನಿಗೆ ಕೇಳಿಸಿತು. "ಹಾಗಾದ್ರೆ ಹನ್ನೊಂದನೇ ದಿನ, ಕಾವಿ ತೊಳೆಯೋ ದಿನ, ನಾನೂ ನಿಮ್ಮ ಮಾವನೂ ನಿಮ್ಮ ಮನೆಗೇ ಬರ್ತೀವಿ. ಅವರು ನಿಮ್ಮನ್ನ ನೋಡ್ಲಿ. ನನಗೆ ಆ ಎರಡನ್ನೂ ತೋರಿಸ್ಬೇಕು ನೀವು."

ಫೋನ್ ಇಟ್ಟ. ಎರಡು ವರ್ಷ ಮಧುರಾ ಯಾವ ಮಾತಿಗಾಗಿ ಕಾದಿದ್ದಳೋ ಆ ಮಾತು ಬಂದಿತ್ತು. ಹೊಟ್ಟೆಯ ಮೇಲೆ ಒಣಗಿದ ಕಾವಿ ಚರ್ಮವನ್ನು ಬಿಗಿಯುತ್ತಿತ್ತು, ತೊಳೆಯೋ ಹಾಗಿರಲಿಲ್ಲ. ಶೀನಣ್ಣನಿಗೆ ಫೋನ್ ಮಾಡಿದ.

"ಶೀನಣ್ಣ, ಇದೇ ವಯಸ್ಸಿನ ಬೂದಿ ಬಣ್ಣದ ಮರಿ ಇನ್ನೊಂದು ಯಾರ ಹತ್ರನಾದ್ರೂ ಇದ್ಯಾ?"