ಎರಡು ಠಾಣೆಯ ಎಮ್ಮೆ

ಆಲೆಟ್ಟಿಯ ಕುಶಾಲಪ್ಪನ ತುಂಬುಗಬ್ಬದ ಎಮ್ಮೆಯನ್ನು ಕದ್ದ ಮೇದಪ್ಪ, ಕುಮಾರಧಾರೆ ಹೊಳೆಯಾಚೆ ಅದನ್ನು ಮಾರುವಾಗ ಸಿಕ್ಕಿಬಿದ್ದ. ಕುಶಾಲಪ್ಪ ಕಳ್ಳನನ್ನೂ ಎಮ್ಮೆಯನ್ನೂ ಆಚೆಯ ಠಾಣೆಗೆ ಎಳೆದೊಯ್ದ.

“ಕದ್ದದ್ದು ಎಲ್ಲಿ? ಅಲ್ಲಿಗೇ ಹೋಗು ಮಾರಾಯ,” ಎಂದರು ಅಲ್ಲಿಯ ದಫೇದಾರರು.

“ಮಾರಿದ್ದು ಎಲ್ಲಿ? ಅಲ್ಲಿಗೇ ಹೋಗು,” ಎಂದರು ಈಚೆಯ ಠಾಣೆಯ ದಫೇದಾರರು.

ಮತ್ತೆ ಆಚೆಗೆ ಹೋದಾಗ ಎಮ್ಮೆ ಠಾಣೆಯ ಅಂಗಳದಲ್ಲೇ ಕರು ಹಾಕಿತು. ಹಾಲಿನ ಸುದ್ದಿ ಹೊಳೆ ದಾಟಿದ್ದೇ ತಡ, ಈಚೆಯ ದಫೇದಾರರೂ ಓಡಿಬಂದರು. ಎರಡು ಊರಿಗೆ ಸೇರಿದ ಅಪರಾಧವನ್ನು ಎಲ್ಲಿ ಬೇಕಾದರೂ ವಿಚಾರಿಸಬಹುದೆಂಬ ಕಾನೂನು ಇಬ್ಬರಿಗೂ ಒಟ್ಟಿಗೇ ನೆನಪಾಗಿತ್ತು.

“ಪುತ್ತೂರು ಕೋರ್ಟಲ್ಲಿ ಕೇಸು ಮುಗಿಯುವವರೆಗೆ ಎಮ್ಮೆ ನಮ್ಮಲ್ಲಿರ್ಲಿ,” ಎಂದು ಇಬ್ಬರೂ ಹಗ್ಗಕ್ಕೆ ಕೈಹಾಕಿದರು.

ಕುಶಾಲಪ್ಪ ಕೈಮುಗಿದ. “ಎಂತ ಕೇಸು ಸ್ವಾಮಿ? ಕಳವೇ ಆಗ್ಲಿಲ್ಲ. ಮೇಯಿಸ್ಲಿಕ್ಕೆ ನಾನೇ ಕೊಟ್ಟದ್ದು. ಅಲ್ವಾ ಮೇದಪ್ಪಣ್ಣ?”

ಆಲೆಟ್ಟಿಯವರೆಗೆ ಕರುವನ್ನು ಹೊತ್ತದ್ದು ಕಳ್ಳನೇ.