ಬೋರ್ಡಿನಲ್ಲಿ ಕಲಿಸಿದ ಟ್ರೊಂಬೋನ್

ಬೊಂಬಾಯಿಯ ಹೋಟೆಲುಗಳಲ್ಲಿ ಹನ್ನೊಂದು ವರ್ಷ ಜಾಝ್ ಬ್ಯಾಂಡಿನಲ್ಲಿ ಟ್ರೊಂಬೋನ್ ಎಂಬ ಹಿತ್ತಾಳೆಯ ಜಾರುಕೊಳವೆ ವಾದ್ಯ ಊದಿದ್ದ ಸೇಸಪ್ಪನಿಗೆ ತನ್ನೂರಿನ ಫಳ್ನೀರು ಬಡಾವಣೆಯ ಹೊಸ ಕಾಲೇಜು ಒಂದು ತಮಾಷೆಯಂತೆಯೇ ಕಂಡಿತು. ಮೂವತ್ತೊಂಬತ್ತನೇ ಇಸವಿಯಲ್ಲಿ ಬೊಂಬಾಯಿಗೆ ಪಾನನಿರೋಧ ಬಂದು ಕುಣಿಯುವವರೆಲ್ಲ ಮನೆ ಸೇರಿದಾಗ, ಅವನೂ ಹಡಗು ಹತ್ತಿ ಬಂದರಿನ ಮೀನುಗಾರ ಮೊಗವೀರರ ನಡುವಿನ ತನ್ನ ಮನೆಗೆ ಮರಳಿದ್ದ. ಮದರಾಸಿನ ವಿಶ್ವವಿದ್ಯಾಲಯದ ಮುಂದೆ ದೊಡ್ಡಸ್ತಿಕೆ ತೋರಿಸಲು ಕಾಲೇಜಿನವರು ಪಾಶ್ಚಾತ್ಯ ಸಂಗೀತದ ತರಗತಿ ತೆರೆದು, ಒಂದು ಟ್ರೊಂಬೋನ್ ಕೊಂಡು, ಅವನನ್ನು ಮಾಸ್ಟ್ರಾಗಿ ನೇಮಿಸಿದರು.

ಮೊದಲ ದಿನವೇ ವಕೀಲರೊಬ್ಬರ ಮಗ ಮೋಹನದಾಸ್ ಆ ವಾದ್ಯವನ್ನು ಕರವಸ್ತ್ರದಲ್ಲಿ ಹಿಡಿದು ಕೇಳಿದ:

"ಇದಕ್ಕೆ ನೀವು ಬಾಯಿ ಹಾಕಿದ್ದೀರಾ, ಸರ್?"

"ಮತ್ತೆ ಮೂಗಿನಲ್ಲಿ ಊದ್ಲಿಕ್ಕೆ ಆಗ್ತದಾ, ಮಾರಾಯ?"

ಎರಡೇ ದಿನದಲ್ಲಿ ಹೆತ್ತವರ ದೂರು ಬಂತು. ಮೀನು ಹಿಡಿಯುವವನ ಎಂಜಲು ತಮ್ಮ ಮಕ್ಕಳ ಬಾಯಿಗೆ ಬೇಡವಂತೆ.

"ನೀವು ಊದುವುದು ಬೇಡ, ಸೇಸಪ್ಪ," ಎಂದರು ಪ್ರಿನ್ಸಿಪಾಲ್ ನೋಣಯ್ಯ, ಮುಖ ನೋಡದೆ. "ಬೋರ್ಡಿನಲ್ಲಿ ಬರೆದು ಕಲಿಸಿ. ಪರೀಕ್ಷೆಗೆ ಅಷ್ಟು ಸಾಕು."

"ದೋಣಿ ನಡೆಸುವುದನ್ನು ಬೋರ್ಡಿನಲ್ಲಿ ಕಲಿಸುವುದು ಉಂಟಾ?"

"ಅದೆಲ್ಲ ನಮಗೆ ಎಂತಕ್ಕೆ?"

ಇಂಥವರ ಯೋಗ್ಯತೆಗೆ ಇದೇ ಹೆಚ್ಚು ಎಂದುಕೊಂಡು ಸೇಸಪ್ಪ ಒಪ್ಪಿದ. ಜಾರುಕೊಳವೆಯ ಏಳು ಸ್ಥಾನಗಳನ್ನು ಬಣ್ಣದ ಚಾಕಿನಲ್ಲಿ ಚೆಂದಕ್ಕೆ ಬರೆದ. ಹುಡುಗರು ಗಿಳಿಗಳಂತೆ ಉರು ಹೊಡೆದರು. ವರ್ಷದ ಕೊನೆಗೆ ಒಬ್ಬನೂ ಫೇಲಾಗಲಿಲ್ಲ. ಮೋಹನದಾಸನಿಗಂತೂ ಪದಕ.

ವಾರ್ಷಿಕೋತ್ಸವಕ್ಕೆ ಮದರಾಸಿನಿಂದ ಬಂದ ಅತಿಥಿಗಳು, ಪದಕ ಗೆದ್ದವನು ಸ್ವಲ್ಪ ಊದಿ ತೋರಿಸಲಿ ಎಂದುಬಿಟ್ಟರು. ಮೋಹನದಾಸ್ ಬಿಸಿನೀರಿನಲ್ಲಿ ತೊಳೆಸಿದ ವಾದ್ಯ ಎತ್ತಿ ಕೆನ್ನೆ ಉಬ್ಬಿಸಿದ. ಬರೀ ಗಾಳಿ. ಇನ್ನೊಮ್ಮೆ ಉಬ್ಬಿಸಿದಾಗ ಕೆಸರಿನಲ್ಲಿ ಹೂತ ಎಮ್ಮೆಯಂಥ ದನಿ ಹೊರಟಿತು. ಹಿಂದಿನ ಸಾಲುಗಳು ಗೊಳ್ಳೆಂದವು.

ನೋಣಯ್ಯನವರು ಬೆವರುತ್ತ ಸೇಸಪ್ಪನ ಬಳಿಗೆ ಓಡಿಬಂದರು. "ನೀವೇ ಊದಿಬಿಡಿ. ಕಾಲೇಜಿನ ಮರ್ಯಾದೆ!"

"ನಾನು ಬೋರ್ಡಿನ ಮಾಸ್ಟ್ರು, ಸ್ವಾಮಿ. ಒಂದು ಚಾಕ್ ಕೊಡಿ, ಮರ್ಯಾದೆ ಎಲ್ಲಿ ಉಂಟೂಂತ ಬರೆದು ತೋರಿಸ್ತೇನೆ."

ಅಷ್ಟು ಹೇಳಿ ಸಭೆಯ ನಡುವಿನಿಂದಲೇ ನಡೆದು ಹೊರಬಿದ್ದ. ದಾರಿಯುದ್ದಕ್ಕೂ ಅವನಿಗೆ ನಗು.

ಮರುದಿನ ಬೆಳಿಗ್ಗೆ ಮಂಚದ ಕೆಳಗಿನ ಪೆಟ್ಟಿಗೆಯಿಂದ ತನ್ನ ಸ್ವಂತ ಟ್ರೊಂಬೋನ್ ತೆಗೆದ. ಬೊಂಬಾಯಿಯಲ್ಲಿ ಕುಣಿಯುವವರನ್ನು ನಿಂತಲ್ಲೇ ನಿಲ್ಲಿಸುತ್ತಿದ್ದ ಒಂದು ಹಾಡನ್ನು ಹಿಡಿದ. ಎರಡು ನಿಮಿಷವಾಗುವಷ್ಟರಲ್ಲಿ ತುಟಿ ನಡುಗಿತು, ಸ್ವರ ಒಡೆದು ಉಸಿರಾಯಿತು.

"ಎಂತಾಯ್ತು?" ಹೆಂಡತಿ ಅಕ್ಕು ಒಳಗಿನಿಂದ ಬಂದಳು.

"ಒಂದು ವರ್ಷ ಮುಟ್ಟಲಿಲ್ಲ ಇದನ್ನು. ಬೇಡ ಅಂದದ್ದು ಕಾಲೇಜಿನಲ್ಲಿ. ಮನೆಯಲ್ಲಿ ಬೇಡ ಅಂದವರು ಯಾರು?"

ಅವನಿಗೆ ತನ್ನ ಮೇಲೆಯೇ ಥೂ ಎನಿಸಿತು.

ಅಂದಿನಿಂದ ದಿನವೂ ಬೆಳಿಗ್ಗೆ ಹೊಳೆಬದಿಗೆ ಹೋಗಿ ಒಂದೇ ಸ್ವರವನ್ನು ಉದ್ದಕ್ಕೆ ಎಳೆದ. ಮೀನಿನ ಬುಟ್ಟಿ ಹೊತ್ತವರು ಬೈದುಕೊಂಡು ಹೋದರು. ಪಾನನಿರೋಧ ಸಡಿಲಗೊಂಡು, ಮಹಾಯುದ್ಧದ ಸಿಪಾಯಿಗಳಿಂದ ಬೊಂಬಾಯಿಯ ಹೋಟೆಲುಗಳು ಮತ್ತೆ ತುಂಬಿದ ಸುದ್ದಿ ಬರುವ ಹೊತ್ತಿಗೆ ತುಟಿ ಗಟ್ಟಿಯಾಗಿತ್ತು. ಅಕ್ಕುವನ್ನೂ ಕರೆದುಕೊಂಡು ಬೊಂಬಾಯಿಯ ಹಡಗು ಹತ್ತಿದ.