ಜಿಬುಡಿಕೆ ಅಂದ್ರೆ ಗೊತ್ತಾ?

ನಮ್ಮ ದೊಡ್ಡಪ್ಪ ಎಂಥ ಪಂಡಿತರು ಅಂತ ನಿಮಗೇನು ಗೊತ್ತು? ನಾನು ಹುಟ್ಟೋಕೆ ಮುಂಚಿನಿಂದ ನಿಘಂಟು ಬರೆಯುತ್ತಾ ಈಗ ‘ಜ’ ಅಕ್ಷರಕ್ಕೆ ಬಂದಿದ್ದಾರೆ. ಅಂಥವರ ಬಾಯಲ್ಲಿ ‘ಗೊತ್ತಿಲ್ಲ’ ಅನ್ನಿಸಿದ ಗಂಡು ಯಾರು? ಕಾಲರ್ ಎತ್ತಿ ಹೇಳ್ತೀನಿ, ನಾನೇ. ಒಂದೇ ಪದ, ಪಂಡಿತ ಫ್ಲಾಟ್.

ಅಕ್ಕನ ಜೊತೆ ಪಂಥವಾಗಿತ್ತು. ಇಲ್ಲದ ಪದ ಕೇಳಿದರೂ ದೊಡ್ಡಪ್ಪ ಏನೋ ಒಂದು ಅರ್ಥ ಹೇಳಿಯೇ ಹೇಳುತ್ತಾರೆ ಎಂದು ನಾನು, ಚಾನ್ಸೇ ಇಲ್ಲ ಎಂದು ಅವಳು. ಸೋತವರು ದೊಡ್ಡಪ್ಪನ ಕೋಣೆಯ ಅಷ್ಟೂ ಪುಸ್ತಕದ ಧೂಳು ಹೊಡೆಯಬೇಕು. ನನಗೋ ಧೂಳು ಕಂಡರೆ ಸೀನು. ಸಿನಿಮಾದ ಸೀನಲ್ಲ, ಮೂಗಿನದು.

ಸ್ನಾನ ಮಾಡುವಾಗ ಪದ ಹುಟ್ಟಿತು: ಜಿಬುಡಿಕೆ.

ದೊಡ್ಡಪ್ಪ ಕನ್ನಡಕ ಹಣೆಗೇರಿಸಿ, “ಗೊತ್ತಿಲ್ವಲ್ಲೋ. ಎಲ್ಲಿ ಕೇಳ್ದೆ?” ಎಂದರು.

ಅಲ್ಲಿಗೇ ಪಿಕ್ಚರ್ ಮುಗಿಯಬೇಕಿತ್ತು. ಆದರೆ ಇಂಟರ್‌ವಲ್‌ಗೆ ಮುಂಚೆ ಹೀರೋ ಸೋಲುವುದುಂಟೇ? ಕ್ಷೌರದಂಗಡಿಯಲ್ಲಿ ಎಂದುಬಿಟ್ಟೆ. ದೊಡ್ಡಪ್ಪ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಹಿಂದೆಯೇ ಓಡಿದೆ.

ದೊಡ್ಡಪ್ಪ ಕೇಳಿದರೆ ಕ್ಷೌರಿಕ ಕತ್ತಿ ಕೂಡ ನಿಲ್ಲಿಸಲಿಲ್ಲ. ಗಡ್ಡ ಅರ್ಧ ಬೋಳಿಸಿ ಬಿಟ್ಟರೆ ಅದೇ ಜಿಬುಡಿಕೆ ಸ್ವಾಮಿ ಎಂದ. ಆಣೆಗೂ ನಾನು ಹೇಳಿಕೊಟ್ಟದ್ದಲ್ಲ. ಪಕ್ಕದ ಟೈಲರ್ ಇಣುಕಿ, ಛೆ, ಅದು ಸಡಿಲ ಹೊಲಿಗೆ ಎಂದ. ಕುರ್ಚಿಯಲ್ಲಿದ್ದ ನಮ್ಮ ಹೆಡ್‌ಮೇಷ್ಟ್ರು ಸೋಪಿನ ನೊರೆಯೊಳಗಿಂದಲೇ ಇಬ್ಬರನ್ನೂ ಗದರಿ, ಅದೊಂದು ವ್ಯಾಕರಣದೋಷ ಎಂದು ತೀರ್ಪು ಕೊಟ್ಟರು.

ವಾಪಸ್ ಬರುವಾಗ ದೊಡ್ಡಪ್ಪನ ಮುಖ ಬಾಡಿತ್ತು. ಬೀದಿಗೆಲ್ಲ ಗೊತ್ತಿರುವ ಪದ ತನಗೊಬ್ಬನಿಗೇ ಗೊತ್ತಿಲ್ಲವಲ್ಲ, ಇಷ್ಟು ವರ್ಷ ಅದೇನು ಓದಿದೆನೋ ಎಂದು ಗೊಣಗಿದರು.

“ಹೋಗ್ಲಿ, ನಿಂಗಾದ್ರೂ ಅರ್ಥ ಗೊತ್ತೇನೋ?”

“ಗೊತ್ತಿಲ್ಲ ದೊಡ್ಡಪ್ಪ. ಆ ಪದಾನೇ ಇಲ್ಲ. ನಾನೇ ಹುಟ್ಟಿಸಿದ್ದು.”

ಬೈಯುತ್ತಾರೆಂದು ತಲೆ ತಗ್ಗಿಸಿದೆ. ಅವರು ಬೆನ್ನಿಗೊಂದು ಗುದ್ದಿ, ಹೊಟ್ಟೆ ಹಿಡಿದುಕೊಂಡು ನಕ್ಕರು. “ಸದ್ಯ. ‘ಗೊತ್ತಿಲ್ಲ’ ಅನ್ನೋನು ಈ ಬೀದೀಲಿ ನಾನೊಬ್ನೇ ಆಗ್ಬಿಟ್ಟಿದ್ದೆ. ಈಗ ಇಬ್ಬರಾದ್ವಿ.”

ಈಗ ನಿಜ ಹೇಳಿಬಿಡ್ತೀನಿ. ‘ಗೊತ್ತಿಲ್ಲ’ ಅನ್ನೋ ಮಾತನ್ನು ದೊಡ್ಡಪ್ಪ ದಿನಕ್ಕೆ ಹತ್ತು ಸಲ ಅನ್ನುತ್ತಾರಂತೆ, ನಿಘಂಟು ಇನ್ನೂ ‘ಜ’ ದಾಟದಿರುವುದೂ ಅದಕ್ಕೇ ಅಂತೆ. ಅಕ್ಕನಿಗೆ ಮೊದಲೇ ಗೊತ್ತಿತ್ತು. ಅವರ ಬಾಯಲ್ಲಿ ನಾನು ಅನ್ನಿಸಿದ್ದಲ್ಲ, ನನ್ನ ಬಾಯಲ್ಲಿ ಅವರು ಅನ್ನಿಸಿದ್ದು.

ಒಂದು ಕಪಾಟಿನ ಧೂಳು ಹೊಡೆದು ಮುಗಿಯಿತು. ಇನ್ನೂ ಎಷ್ಟಿವೆ ಅಂದ್ರೆ... ಆಕ್ಷೀ!